ಹನ್ನೊಂದಕ್ಕೆ ಹನ್ನೊಂದು

ಎರಡು ಸಾವಿರದ ಹದಿನಾಲ್ಕನೇ ಇಸವಿ, ಆಗಸ್ಟ್ ತಿಂಗಳ ಕೊನೆಯ ಭಾನುವಾರ. ಚರ್ಚ್ ಬಿಟ್ಟಾಗ ಹನ್ನೆರಡೂವರೆ ಗಂಟೆಯಾಗಿತ್ತು. ಬಿಸಿಲಿಗೆ ಕಾರಿನ ಬಾಗಿಲು ಮುಟ್ಟುವ ಹಾಗಿರಲಿಲ್ಲ. ನಮ್ಮ ಲಿಕ್ ಕ್ರೀಕ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹೊಸ ಆಟಗಾರರು ಚರ್ಚಿನ ಮುಂದಿನ ಹುಲ್ಲಿನ ಮೇಲೆ ಸಾಲಾಗಿ ನಿಂತಿದ್ದರು. ದೂರದಿಂದ ಬಂದ ಒಬ್ಬೊಬ್ಬ ಹುಡುಗನನ್ನು ಒಂದೊಂದು ಮನೆಯವರು ಆರಿಸಿಕೊಂಡು, ಆಟಗಳು ಮುಗಿಯುವ ತನಕ ಭಾನುವಾರ ಭಾನುವಾರ ಊಟಕ್ಕೆ ಕರೆಯುವುದು ನಮ್ಮೂರಿನ ಕ್ರಮ. ನನ್ನ ಹೆಂಡತಿ ಓಮಾ ಯಾವಾಗಲೂ ಕೊನೆಯಲ್ಲಿ ಉಳಿದವನನ್ನೇ ಕರೆಯುತ್ತಾಳೆ. ಆ ವರ್ಷ ಕೊನೆಯಲ್ಲಿ ಉಳಿದವನು ಟೆರಿಯಸ್ ಗ್ಯಾಸ್ಕಿನ್. ಫ್ಲಾರಿಡಾದ ಕಬ್ಬಿನ ಸೀಮೆಯವನು, ಕಪ್ಪು ಹುಡುಗ, ಬಾಗಿಲ ಚೌಕಟ್ಟು ತುಂಬುವಷ್ಟು ಅಗಲ. ಅವನನ್ನು ಸಾಕಿದವಳು ಅವನ ಚಿಕ್ಕಮ್ಮ.

ಆ ವರ್ಷದ ಮಾತು ಬಂದರೆ ನಮ್ಮೂರಿನವರು ಈಗಲೂ ಬಾಯಿ ಚಪ್ಪರಿಸುತ್ತಾರೆ. ಹನ್ನೊಂದು ಆಟ, ಹನ್ನೊಂದೂ ಗೆಲುವು. ಪೆಟ್ರೋಲ್ ಬಂಕಿನ ಗೋಡೆಯ ಮೇಲೆ ಆ ತಂಡದ ಚಿತ್ರವಿದೆ. ಅದರ ಮುಂದೆ ಹೋಗುವಾಗಲೆಲ್ಲ ನಾನು ಮುಖ ತಿರುಗಿಸುತ್ತೇನೆ. ಗೆದ್ದದ್ದು ಸುಳ್ಳಲ್ಲ. ನಾನೂ ಅಲ್ಲೇ ಕುಳಿತು ನೋಡಿದವನು. ನಲವತ್ತೊಂದು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದೆ, ಅಷ್ಟೂ ವರ್ಷ ನಮ್ಮ ಹೇಸರಗತ್ತೆಗಳ ಒಂದು ಆಟವನ್ನೂ ತಪ್ಪಿಸಲಿಲ್ಲ. ಹೇಸರಗತ್ತೆ ನಮ್ಮ ತಂಡದ ಹೆಸರು. ಅಷ್ಟು ವರ್ಷದಲ್ಲಿ ಸೋತದ್ದೇ ಹೆಚ್ಚು. ಸೋತು ಮನೆಗೆ ಬಂದು ಬೂಟು ಬಿಚ್ಚುವ ದುಃಖ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಆ ವರ್ಷ ನನ್ನ ತಲೆಯೂ ಕೆಟ್ಟಿತು.

ಆರನೇ ಆಟ ನದಿಯಾಚೆಯ ಕಾಲೇಜಿನ ಮೇಲೆ. ನಾವು ಮೂರು ಪಾಯಿಂಟ್ ಮುಂದಿದ್ದೆವು, ಗಡಿಯಾರದಲ್ಲಿ ಒಂಬತ್ತು ಸೆಕೆಂಡ್ ಉಳಿದಿತ್ತು. ಅವರಿಗೆ ಗೆರೆ ದಾಟಿ ಗೆಲ್ಲಲು ಉಳಿದಿದ್ದು ಒಂದೇ ಗಜ, ಒಂದೇ ಅವಕಾಶ. ಚೆಂಡು ಹಿಡಿದು ನುಗ್ಗಿದವನನ್ನು ಟೆರಿಯಸ್ ತಲೆ ಕೊಟ್ಟು ತಡೆದ. ಆ ಸದ್ದು ಹದಿನಾಲ್ಕನೇ ಸಾಲಿನಲ್ಲಿದ್ದ ನಮಗೂ ಕೇಳಿಸಿತು. ಗೆಳೆಯ ಎಸ್ಟಿಲ್ ನನ್ನ ಬೆನ್ನಿಗೆ ಗುದ್ದಿ ಗುದ್ದಿ ಕುಣಿದ.

"ಲೋ ವರ್ಲಿನ್, ನಿನ್ನ ಮನೆ ಊಟ ತಿಂದವನು ಕಣೋ ಅವನು! ಓಮಾನ ಕೋಳಿ ಗೆಲ್ಲಿಸ್ತು ನಮ್ಮನ್ನ!"

ನಾನೂ ಕುಣಿದೆ. ಟೆರಿಯಸ್ ಏಳಲು ತಡ ಮಾಡಿದ್ದನ್ನು ಕಂಡೆ. ಎದ್ದವನು ದಿಕ್ಕು ತಪ್ಪಿ ಎದುರಾಳಿಗಳ ಬೆಂಚಿನ ಕಡೆ ನಾಲ್ಕು ಹೆಜ್ಜೆ ಹಾಕಿದ್ದನ್ನೂ ಕಂಡೆ. ಕಂಡೂ ಕುಣಿದೆ.

ಮರುದಿನ ಊಟಕ್ಕೆ ಬಂದವನು ಕಿಟಕಿಗೆ ಬೆನ್ನು ಹಾಕಿ ಕುಳಿತ. ಓಮಾ ಹಂದಿಮಾಂಸ ಹಾಕಿ ಬೇಯಿಸಿದ ಕಾಳು, ಮೆಕ್ಕೆಜೋಳದ ಬ್ರೆಡ್ ಬಡಿಸಿದಳು. ಅವನು ಸುಮ್ಮನೆ ಚಮಚ ಆಡಿಸಿದ.

"ಮಿಸ್ ಓಮಾ, ನಿಮ್ಮ ನಾಯಿ ಹೆಸರೇನು?"

"ಬಿಸ್ಕಿಟ್."

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ಕೇಳಿದಾಗ ಓಮಾ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ.

ಊಟವಾದ ಮೇಲೆ ಜಗಲಿಯಲ್ಲಿ ಅವನೇ ಬಾಯಿ ಬಿಟ್ಟ. ತಲೆಗೆ ಪೆಟ್ಟು ಬಿದ್ದವರಿಗೆ ಸೋಮವಾರ ಪರೀಕ್ಷೆ ಇರುತ್ತದಂತೆ. ಗಾಯ ನೋಡುವ ಹುಡುಗಿ, ಟ್ರೇನರ್, ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಅದೇ ಐದನ್ನು ಕೇಳುತ್ತಾಳೆ. ಆಮೇಲೆ ಹನ್ನೆರಡು ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಬೇಕು. ಆಟ ಶುರುವಾಗುವ ಮೊದಲು, ಆಗಸ್ಟಿನಲ್ಲೇ, ಇದೇ ಪರೀಕ್ಷೆ ಎಲ್ಲರಿಗೂ ಒಂದು ಸಲ ಆಗಿರುತ್ತದೆ. ಪೆಟ್ಟು ಬಿದ್ದ ಮೇಲೆ ಬಂದ ಅಂಕವನ್ನು ಅದರ ಜೊತೆ ಹೋಲಿಸುತ್ತಾರೆ.

"ಆಗಸ್ಟಲ್ಲಿ ನಾವೆಲ್ಲ ಬೇಕಂತಲೇ ದಡ್ಡರ ಥರ ಉತ್ತರ ಕೊಟ್ವಿ, ಮಿಸ್ಟರ್ ವರ್ಲಿನ್. ಸೀನಿಯರ್‌ಗಳೇ ಹೇಳಿಕೊಟ್ಟಿದ್ದು. ಆಗ ಕಮ್ಮಿ ಬಂದ್ರೆ ಆಮೇಲೆ ಪೆಟ್ಟು ಬಿದ್ರೂ ಪಾಸ್."

"ಮತ್ತೆ ನಿಂಗೇನು ಚಿಂತೆ?"

"ಆ ಕಮ್ಮಿನೂ ಬರ್ತಿಲ್ಲ." ಜೇಬಿನಿಂದ ಮಡಚಿದ ಕಾಗದ ತೆಗೆದ. ಟ್ರೇನರ್ ಕೇಳುವ ಪದಗಳೆಲ್ಲ ಅದರಲ್ಲಿದ್ದವು. ಅವೇ ಪಟ್ಟಿಗಳು ವರ್ಷಗಟ್ಟಲೆ ಬದಲಾಗಿರಲಿಲ್ಲ, ಹುಡುಗರ ಕೈಯಿಂದ ಕೈಗೆ ಹೋಗುತ್ತಿದ್ದವು. "ನಂಗೆ ಓದಿಸ್ತೀರಾ?"

ನಾನು ಆರನೇ ತರಗತಿಗೆ ಶಾಲೆ ಬಿಟ್ಟವನು. ಎಪ್ಪತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಪಾಠ ಹೇಳಿಕೊಡು ಎಂದು ಕೇಳಿರಲಿಲ್ಲ. ಕಾಲೇಜಿನ ಹುಡುಗ ಕೇಳುತ್ತಿದ್ದಾನೆ! ಎದೆ ಉಬ್ಬಿತು. ಕನ್ನಡಕ ಹಾಕಿಕೊಂಡು ಕುಳಿತೆ. ಮೊಣಕೈ, ಸೇಬು, ಜಮಖಾನ, ಜೀನು, ಗುಳ್ಳೆ. ಡಿಸೆಂಬರ್, ನವೆಂಬರ್, ಅಕ್ಟೋಬರ್. ಅವನು ಆಗಸ್ಟ್ ಬಂದಾಗಲೆಲ್ಲ ತಪ್ಪುತ್ತಿದ್ದ, ನಾನು ತಿರುಗಿ ಮೊದಲಿನಿಂದ ಶುರು ಮಾಡಿಸುತ್ತಿದ್ದೆ. ಸಂಜೆ ಹೊತ್ತಿಗೆ ಬಾಯಿಪಾಠವಾಯಿತು. ಸೋಮವಾರ ಪಾಸಾದ. ಶನಿವಾರ ಆಡಿದ, ಗೆದ್ದೆವು.

ಅದರ ಮುಂದಿನ ಭಾನುವಾರವೂ ಕಲಿಸಿದೆ. ಅದರ ಮುಂದಿನದೂ. ಮೂರನೆಯ ಭಾನುವಾರ ಓಮಾ ಪಾತ್ರೆ ತೊಳೆಯುತ್ತಾ, ತಿರುಗಿ ನೋಡದೆ ಹೇಳಿದಳು:

"ಆ ಹುಡುಗನಿಗೆ ಬೇಕಾಗಿರೋದು ಡಾಕ್ಟ್ರು, ಮೇಷ್ಟ್ರಲ್ಲ."

"ಪಾಸಾಗ್ತಿದ್ದಾನಲ್ಲೇ."

"ಯಾರು, ಅವನಾ? ಪಾಸಾಗ್ತಿರೋದು ನೀನು."

"ಇನ್ನು ಮೂರೇ ಆಟ ಓಮಾ. ಅವನಿಗೂ ಆಡ್ಬೇಕು ಅಂತಿದೆ."

"ನಿನ್ನ ತಮ್ಮ ಕ್ಲೈಡ್‌ನ ತಲೆಗೆ ದಿಮ್ಮಿ ಬಿದ್ದಾಗಲೂ ಅವನಿಗೆ ಮಾರನೇ ದಿನ ಕೆಲಸಕ್ಕೆ ಹೋಗ್ಬೇಕು ಅಂತಿತ್ತು. ಹೋಗೋಕೆ ಬಿಟ್ಯಾ?"

ಬಿಟ್ಟಿರಲಿಲ್ಲ. ನಾನೇ ಬಾಗಿಲಿಗೆ ಅಡ್ಡ ಮಲಗಿದ್ದೆ. ಆದರೂ ಎದ್ದು ಹೋಗಿ ಆ ಭಾನುವಾರವೂ ಕಲಿಸಿದೆ, ಅದರ ಮುಂದಿನದೂ ಕಲಿಸಿದೆ. ಒಟ್ಟು ನಾಲ್ಕು. ಒಂಬತ್ತು ಗೆದ್ದೆವು, ಹತ್ತು ಗೆದ್ದೆವು. ಪ್ರತಿ ಶನಿವಾರ ಅವನು ಅದೇ ತಲೆ ಕೊಟ್ಟು ಹೊಡೆಯುತ್ತಿದ್ದ, ನಾವು ಎದ್ದು ನಿಂತು "ಇನ್ನೊಂದು! ಇನ್ನೊಂದು!" ಎಂದು ಕೂಗುತ್ತಿದ್ದೆವು. ನಮ್ಮೂರಿನ ಹುಡುಗನಾಗಿದ್ದರೆ ಆರನೇ ಆಟದ ದಿನವೇ ಅವನ ತಾಯಿ ಮೈದಾನಕ್ಕೆ ಇಳಿದು ಕಿವಿ ಹಿಂಡಿ ಎಳೆದುಕೊಂಡು ಹೋಗುತ್ತಿದ್ದಳು. ಇವನ ಚಿಕ್ಕಮ್ಮ ಸಾವಿರ ಮೈಲಿ ದೂರದಲ್ಲಿದ್ದಳು. ಇಲ್ಲಿ ಅವನಿಗೆ ಇದ್ದವರು ನಾವು.

ನವೆಂಬರ್ ಒಂಬತ್ತು, ಭಾನುವಾರ, ಊಟದ ಹೊತ್ತಾದರೂ ಅವನು ಬರಲಿಲ್ಲ. ಹುಡುಕಿಕೊಂಡು ಹೊರಟೆ. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದ. ಅಂಗಿಯ ಎದೆಯ ಮೇಲೆಲ್ಲ ವಾಂತಿ.

"ಮನೆ ಎಲ್ಲಿತ್ತು ಅಂತ ಮರ್ತೋಯ್ತು, ಮಿಸ್ಟರ್ ವರ್ಲಿನ್," ಎಂದು ಚಿಕ್ಕ ಮಗುವಿನ ಹಾಗೆ ನಕ್ಕ. "ಕೋಚ್‌ಗೆ ಹೇಳ್ಬೇಡಿ, ಆಯ್ತಾ? ಇನ್ನೊಂದೇ ಆಟ."

ಸೋಮವಾರ ಬೆಳಿಗ್ಗೆ ಕೋಚ್ ರಡ್ಡಲ್ ಹತ್ತಿರ ಹೋದೆ. ಅವನು ನಮ್ಮ ಚರ್ಚಿನಲ್ಲೇ ಮುಂದಿನ ಸಾಲಿನಲ್ಲಿ ಕೂರುವವನು, ಎಲ್ಲರ ಕೈ ಹಿಡಿದು ಎರಡು ಸಲ ಕುಲುಕುವವನು. ನನಗೆ ಕುರ್ಚಿ ಎಳೆದು ಕೊಟ್ಟ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿದ. ಆಮೇಲೆ ಹೇಳಿದ:

"ವರ್ಲಿನ್ ಅವರೇ, ಅವನು ನಾಲ್ಕು ಸಲ ಪಾಸಾಗಿದ್ದಾನೆ. ಪೇಪರ್ ಇದೆ ನನ್ನತ್ರ."

"ಆ ಪೇಪರ್ ಸುಳ್ಳು. ಬಾಯಿಪಾಠ ಮಾಡಿದ್ದು."

"ಮಾಡಿಸಿದ್ದು ಯಾರು?"

ಉತ್ತರವನ್ನೂ ಅವನೇ ಕೊಟ್ಟ.

"ಜಗಲಿ ಮೇಲೆ ಕೂತು ಓದಿಸ್ತಿದ್ರಂತೆ. ನಂಗೆ ಮೊದಲನೇ ವಾರವೇ ಗೊತ್ತಾಯ್ತು. ಒಳ್ಳೇ ಕೆಲಸ, ನಮ್ಮೂರವರು ಅಂದ್ರೆ ಹೀಗಿರ್ಬೇಕು ಅಂದ್ಕೊಂಡೆ." ಎದ್ದು ನನ್ನ ಹೆಗಲು ತಟ್ಟಿದ. "ಒಂದು ಶನಿವಾರ ತಡೀರಿ. ಆಮೇಲೆ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಗೊತ್ತಿತ್ತಂತೆ! ಮೊದಲ ವಾರದಿಂದ! ಮಿಲ್ಲಿನಲ್ಲಿ ಅಷ್ಟು ವರ್ಷ ಯಾರ ಮೇಲೂ ಕೈ ಎತ್ತಿದವನಲ್ಲ, ಅಂದು ಆ ಕುರ್ಚಿ ಎತ್ತಿ ಅವನ ಮೇಲೆ ಹಾಕುವಷ್ಟು ಸಿಟ್ಟು. ಹಾಕಲಿಲ್ಲ. ಅದೇ ಕಟ್ಟಡದ ಇನ್ನೊಂದು ಬಾಗಿಲಿಗೆ ಹೋಗಿ ಟ್ರೇನರ್ ಹುಡುಗಿಯ ಮುಂದೆ, ನನ್ನ ಹತ್ತಿರವೇ ಉಳಿದಿದ್ದ ಆ ಪದಗಳ ಕಾಗದ ಇಟ್ಟೆ. ಅವಳು ಓದಿದಳು. ಮುಖ ಸುಣ್ಣವಾಯಿತು. ಅಂದೇ ಅವಳು ಟೆರಿಯಸ್‌ನನ್ನು ಕೂರಿಸಿ ತನ್ನ ಅಡುಗೆಮನೆಯ ಸಾಮಾನುಗಳ ಹೆಸರಿನಿಂದ ಹೆಕ್ಕಿದ ಐದು ಹೊಸ ಪದ ಕೇಳಿದಳು. ಒಂದೂ ಬರಲಿಲ್ಲ. ಲೆಕ್ಸಿಂಗ್ಟನ್ ನಗರದ ದೊಡ್ಡ ಡಾಕ್ಟರರ ಹತ್ತಿರ ಕಳಿಸಿದಳು. ಅವರು ಹೇಳಿದ್ದು ಇಷ್ಟು: ಇನ್ನು ಆಟ ಇಲ್ಲ. ಈ ವರ್ಷವಲ್ಲ, ಯಾವತ್ತೂ. ಓದುವುದು, ಲೆಕ್ಕ ಮಾಡುವುದು ಎಷ್ಟು ತಿರುಗಿ ಬರುತ್ತದೋ ಈಗಲೇ ಹೇಳಲಾಗದು.

ಅವನಿಲ್ಲದೆ ಹನ್ನೊಂದನೆಯದನ್ನೂ ಗೆದ್ದರು. ನಾನು ಹೋಗಲಿಲ್ಲ. ಮುಂದಿನ ವಾರ, ಗೆದ್ದ ಕಾಲೇಜುಗಳ ನಡುವೆ ನಡೆಯುವ ಪ್ಲೇಆಫ್‌ನ ಮೊದಲ ಆಟದಲ್ಲೇ ಸೋತರು. ಊರಿನವರಿಗೆ ಸಿಟ್ಟು ಬಂದದ್ದು ಆಗ, ಅದೂ ನನ್ನ ಮೇಲೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಸ್ಟಿಲ್ ನನಗೆ ಕೇಳಿಸುವ ಹಾಗೆ ಇನ್ನೊಬ್ಬನಿಗೆ ಹೇಳಿದ:

"ಮನೇಲಿ ಊಟ ಹಾಕಿ ಬೆನ್ನಿಗೆ ಚೂರಿ ಹಾಕೋರೂ ಇರ್ತಾರೆ."

"ಯಾರ ಬೆನ್ನಿಗೆ, ಎಸ್ಟಿಲ್?"

"ತಂಡದ ಬೆನ್ನಿಗೆ."

"ಹುಡುಗನ ತಲೆ?"

"ಅವನಿಗಿಂತ ಹೆಚ್ಚು ನಿಂಗೆ ನೋವಾ? ಅವನೇ ಆಡ್ತೀನಿ ಅಂದ, ನೀನ್ಯಾವನೋ ಬೇಡ ಅನ್ನೋಕೆ?"

ಐವತ್ತು ವರ್ಷಗಳಿಂದ ಗೆಳೆಯ. ಅವನಿಗೆ ಬೆನ್ನು ಹಾಕಿ ಬಂದ ನಾನು ಇವತ್ತಿಗೂ ಅವನ ಹತ್ತಿರ ಮಾತಾಡಿಲ್ಲ.

ಟೆರಿಯಸ್ ಕೂಡ ಊಟಕ್ಕೆ ಬರುವುದನ್ನು ಬಿಟ್ಟ. ಓಮಾ ಕಟ್ಟಿಕೊಟ್ಟ ಡಬ್ಬಿ ಹಿಡಿದು ನಾನೇ ಹಾಸ್ಟೆಲ್ಲಿಗೆ ಹೋದರೆ ಬಾಗಿಲ ಒಳಗಿನಿಂದಲೇ, "ನೀವು ಮಾತು ಕೊಟ್ಟಿದ್ರಿ," ಎಂದ. ನಾನು ಕೊಟ್ಟಿರಲಿಲ್ಲ. ಹಾಗೆಂದು ವಾದ ಮಾಡಲಿಲ್ಲ. ಡಬ್ಬಿ ಹೊಸ್ತಿಲಲ್ಲಿಟ್ಟು ಬಂದೆ.

ಡಿಸೆಂಬರ್ ಮೊದಲ ವಾರ ಕೋಚ್ ರಡ್ಡಲ್ ದೊಡ್ಡ ಕಾಲೇಜೊಂದರ ಕೆಲಸ ಒಪ್ಪಿಕೊಂಡ ಸುದ್ದಿ ಬಂತು. ಹನ್ನೊಂದಕ್ಕೆ ಹನ್ನೊಂದು ಗೆದ್ದವನನ್ನು ಯಾರು ಬಿಡುತ್ತಾರೆ? ಹುಡುಗರಿಗೆ ಮೊಬೈಲಿನಲ್ಲಿ ಒಂದು ಸಾಲು ಕಳಿಸಿದನಂತೆ, ಮುಖ ಕೂಡ ತೋರಿಸಲಿಲ್ಲ. ಊರು ಹೊತ್ತಿ ಉರಿಯಿತು. ಕೆಲವರು ಅವನ ಮನೆ ಮುಂದಿನ ಅಂಚೆ ಪೆಟ್ಟಿಗೆಯನ್ನು ಕಿತ್ತು ಹೊಳೆಗೆ ಎಸೆದರು. ಮೋಸಗಾರ, ನಂಬಿಸಿ ಕೈಬಿಟ್ಟ ಎಂದು ಬೈದರು. ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಅವನು ಊರು ಬಿಟ್ಟದ್ದು ಇವರಿಗೆ ಮೋಸ. ಒಂದು ಮಗುವಿನ ತಲೆಯನ್ನು ಐದು ವಾರ ಬಡಿಗೆಯ ಹಾಗೆ ಬಳಸಿದ್ದನ್ನು ಒಬ್ಬನೇ ಒಬ್ಬ ಕೇಳಲಿಲ್ಲ.

ಟೆರಿಯಸ್‌ನ ಚಿಕ್ಕಮ್ಮ ಅವನನ್ನು ಕರೆದುಕೊಂಡು ಹೋಗಲು ಕಾರಿನಲ್ಲಿ ಬಂದಳು. ಹೊರಡುವ ಮೊದಲು ನಮ್ಮ ಮನೆ ಮುಂದೆ ನಿಲ್ಲಿಸಿದಳು. ಅವನು ಕಪ್ಪು ಕನ್ನಡಕ ಹಾಕಿಕೊಂಡು ಒಳಗೇ ಕುಳಿತಿದ್ದ. ಓಮಾ ಕಿಟಕಿಯಿಂದ ಕೈ ಹಾಕಿ ಅವನ ಕೆನ್ನೆ ಹಿಡಿದುಕೊಂಡು ನಿಂತಳು. ಚಿಕ್ಕಮ್ಮ ನೇರ ನನ್ನ ಹತ್ತಿರ ಬಂದಳು. ಐವತ್ತರ ಹೆಂಗಸು, ಗಟ್ಟಿ ಮುಖ.

"ಟ್ರೇನರ್‌ಗೆ ಹೇಳಿದ್ದು ನೀವೇ ಅಂತೆ."

"ಹೌದಮ್ಮ."

"ಅದಕ್ಕೆ ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಅವನಿಗೆ ಪೆಟ್ಟಾಗಿದೆ ಅಂತ ನಿಮಗೆ ಗೊತ್ತಾಗಿದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. "ಅಕ್ಟೋಬರ್ ಹನ್ನೆರಡು. ನಮ್ಮ ಊಟದ ಮೇಜಿನಲ್ಲಿ."

ಅವಳು ಬೆರಳು ಮಡಚಿ ವಾರ ಎಣಿಸಿದಳು. ಎಣಿಸಿ ಮುಗಿದ ಮೇಲೂ ನನ್ನನ್ನೇ ನೋಡುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ.

"ನನ್ನ ನಂಬರ್ ಅವನ ಫೋನಲ್ಲಿತ್ತು," ಎಂದಳು. ಅಷ್ಟೇ ಹೇಳಿ ಹೋಗಿ ಕಾರು ಹತ್ತಿದಳು.

ಕೋಚ್ ರಡ್ಡಲ್ ಹೋದದ್ದು ಡಿಸೆಂಬರ್ ನಾಲ್ಕು, ಗುರುವಾರ; ಆ ದಿನ ಊರಿಗೆಲ್ಲ ನೆನಪಿದೆ. ಟೆರಿಯಸ್ ಗ್ಯಾಸ್ಕಿನ್ ಹೋದದ್ದು ಒಂಬತ್ತು, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ.