ಬಾಯಿ ಮುಚ್ಚಿ ಅಳೆದ ತೊರೆ

ಗೋದಾಮಿನ ಹಿಂದಿನ ತೊರೆಯ ಇಂಗಾಲದ ಡೈಆಕ್ಸೈಡ್ ಅಂಕಿ ಉಳಿದ ತೊರೆಗಳ ಮೂರು ಪಟ್ಟು ಬಂದಿತ್ತು. ಪ್ರಯೋಗಾಲಯದ ಮುಖ್ಯಸ್ಥೆ ಹಾಳೆಯಿಂದ ತಲೆ ಎತ್ತದೆ ಹೇಳಿದರು: "ಇದು ತೊರೆಯದಲ್ಲ ಕಣಮ್ಮ, ನಿನ್ನ ಉಸಿರು. ಸಂಜೆಯೊಳಗೆ ಇನ್ನೊಂದ್ಸಲ ಅಳೆದು ತಾ. ಇಲ್ಲಾಂದ್ರೆ ನಕ್ಷೆಯಿಂದ ತೆಗೆದುಬಿಡ್ತೀನಿ."

ನೀರು ಅಳೆಯುವವಳಿಗೆ ತಪ್ಪು ತನ್ನದೇ ಅನ್ನಿಸಿಬಿಟ್ಟಿತು. ಬಾಗಿಲು ತಾನಾಗಿ ಬಡಿದುಕೊಂಡರೂ ಕ್ಷಮಿಸಿ ಅನ್ನುವ ಪೈಕಿ ಅವಳು. ಸಂಜೆ ತರಗತಿಗೆ ಹೋಗುವಾಗ ದಿನವೂ ದಾಟುತ್ತಿದ್ದ ತೊರೆ ಅದು. ಯಾರೂ ಲೆಕ್ಕಕ್ಕಿಡದ ಅದನ್ನು ನಕ್ಷೆಗೆ ಸೇರಿಸಿ ಎಂದು ಗೋಗರೆದವಳೂ ಅವಳೇ.

ಕೆಲಸವೇನೋ ಸರಳ. ಸಿರಿಂಜಿಗೆ ಅರ್ಧ ನೀರು, ಅರ್ಧ ಗಾಳಿ ಎಳೆದು ಕುಲುಕಬೇಕು. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬರುತ್ತದೆ. ಆ ಗಾಳಿಯನ್ನು ಮೀಟರಿಗೆ ಕೊಟ್ಟು, ನೀರಿನಲ್ಲಿ ಎಷ್ಟಿತ್ತೆಂದು ಅಂದಾಜು ಮಾಡಬೇಕು. ಆದರೆ ಗಾಳಿ ಎಳೆಯುವಾಗ ಪಕ್ಕದಲ್ಲಿ ಯಾರಾದರೂ ಬಾಯಿ ಬಿಟ್ಟರೆ ಅವರ ಉಸಿರೂ ಸೇರಿಕೊಳ್ಳುತ್ತದೆ.

ವ್ಯಾನು ಓಡಿಸುವವರು ಅವಳ ಚಿಕ್ಕಪ್ಪ. ನಿದ್ದೆಯಲ್ಲೂ ಬಾಯಿಗೆ ಬಿಡುವು ಕೊಡದ ಆಸಾಮಿ. ಪ್ರತಿ ತೊರೆಯಲ್ಲೂ ಅವಳ ಹೆಗಲ ಮೇಲೆ ಬಗ್ಗಿ ಹರಟಿದ್ದರು, ಅವಳೂ ಹೂಂಗುಟ್ಟಿದ್ದಳು.

"ಚಿಕ್ಕಪ್ಪ, ನೀವು ವ್ಯಾನಲ್ಲೇ ಕೂತಿರಿ," ಎಂದಳು, ವ್ಯಾನು ಮತ್ತೆ ಗೋದಾಮಿನ ಹಿಂದೆ ನಿಂತಾಗ.

"ಯಾಕೆ, ನನ್ನ ಮುಖ ನೋಡಿದ್ರೆ ನೀರು ಕೆಡುತ್ತಾ?"

"ಮುಖ ಅಲ್ಲ, ಬಾಯಿ."

"ನಿಮ್ಮ ಚಿಕ್ಕಮ್ಮನೂ ಅದನ್ನೇ ಹೇಳ್ತಾಳೆ. ಅವಳ ಹತ್ರ ಮೀಟರ್ ಇಲ್ಲ, ಅಷ್ಟೆ."

ಅವಳು ಗಾಳಿಗೆ ಎದುರಾಗಿ ನಿಂತು, ತೋಳು ಚಾಚಿ, ಉಸಿರು ಬಿಗಿಹಿಡಿದು ಸಿರಿಂಜು ಎಳೆದಳು. ಕುಲುಕಿದಳು. ನಂಬಿಕೆ ಸಾಲದೆ ಮತ್ತೆ ಎಳೆದಳು, ಮತ್ತೆ ಕುಲುಕಿದಳು. ಅಂಕಿ ಸ್ವಲ್ಪ ಇಳಿಯಿತು. ಸ್ವಲ್ಪವೇ. ಉಳಿದ ತೊರೆಗಳು ಅದರ ಹತ್ತಿರಕ್ಕೂ ಬರುವಂತಿರಲಿಲ್ಲ.

"ತೊರೆಯದೇ ಮೇಡಂ," ಎಂದು ಫೋನಿನಲ್ಲಿ ಹೇಳಿದಳು.

"ಹೌದಾ? ಸರಿ, ನಕ್ಷೆಯಲ್ಲಿರ್ಲಿ ಬಿಡು."

ಫೋನು ಇಟ್ಟ ಮೇಲೆ ಖುಷಿಪಡಬೇಕಿತ್ತು. ಆದರೆ ಇಳಿದ ಆ ಸ್ವಲ್ಪ ಅವಳನ್ನು ಬಿಡಲಿಲ್ಲ. ಅದು ತಮ್ಮಿಬ್ಬರ ಬಾಯಿಂದ ಬಂದದ್ದೆಂದು ಅವಳಿಗೆ ಗೊತ್ತಿತ್ತು. ಮತ್ತೆ ಫೋನು ಎತ್ತಿದಳು.

"ಮೇಡಂ, ಉಳಿದ ತೊರೆಗಳಲ್ಲೂ ನಾವು ಮಾತಾಡ್ತಾನೇ ಇದ್ವಿ."

"ಹಾಗಾದ್ರೆ?"

"ಎಲ್ಲಾ ಮತ್ತೆ ಅಳೀತೀನಿ."

ವ್ಯಾನಿನ ಕಿಟಕಿಯಿಂದ ಚಿಕ್ಕಪ್ಪನ ತಲೆ ಹೊರಬಂತು. "ಎಲ್ಲಾನೂ? ಬಾಯಿ ಮುಚ್ಕೊಂಡಾ?"

"ತೊರೆ ಹತ್ರ ಮಾತ್ರ ಚಿಕ್ಕಪ್ಪ. ದಾರೀಲಿ ಮಾತಾಡ್ಬಹುದು."

ಅವಳು ಹತ್ತಿ ಬಾಗಿಲು ಹಾಕಿಕೊಳ್ಳುವ ಮೊದಲೇ ಅವರು ಶುರು ಹಚ್ಚಿಕೊಂಡಿದ್ದರು.