ಕೇಳದ ಪ್ರಶ್ನೆಯ ಉತ್ತರ

ಒಂಬತ್ತನ್ನು ಮೂರರಿಂದ ಭಾಗಿಸಿದರೆ ಎರಡು ಎಂದು ಬರೆದ ಮಹಾನುಭಾವನ ಉತ್ತರಪತ್ರಿಕೆ ನೋಡಿ ಗಣಿತದ ಟೀಚರ್‌ಗೆ ಮೊದಲು ನಗು ಬಂತು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪಕ್ಕಕ್ಕಿಟ್ಟಳು. ಮುಂದಿನದರಲ್ಲೂ ಒಂಬತ್ತು ಭಾಗಿಸು ಮೂರು, ಎರಡು. ಅದರ ಕೆಳಗಿನದರಲ್ಲೂ ಅದೇ. ನಗು ಅಲ್ಲಿಗೇ ನಿಂತಿತು.

ಪ್ರಶ್ನೆ ಏನೂ ಬ್ರಹ್ಮವಿದ್ಯೆಯಲ್ಲ. (2, 1) ಮತ್ತು (5, 10) ಬಿಂದುಗಳ ಮೂಲಕ ಹೋಗುವ ಸರಳರೇಖೆಯ ಸಮೀಕರಣ ಕಂಡುಹಿಡಿಯಬೇಕು. ಹತ್ತರಲ್ಲಿ ಒಂದು ಕಳೆದರೆ ಒಂಬತ್ತು, ಐದರಲ್ಲಿ ಎರಡು ಕಳೆದರೆ ಮೂರು, ಭಾಗಿಸಿದರೆ ಇಳಿಜಾರು ಮೂರು. ಉತ್ತರ y = 3x − 5. ಇವರೆಲ್ಲ ಬರೆದದ್ದು y = 2x − 3.

ತಪ್ಪು ಉತ್ತರಗಳಿಗೇನು ಬರ? ಮಕ್ಕಳು ದಿನಕ್ಕೊಂದು ಹೊಸದು ಹುಟ್ಟಿಸುತ್ತಾರೆ. ಆದರೆ ಇದು ಬೇರೊಂದು ಪ್ರಶ್ನೆಯ ಸರಿಯಾದ ಉತ್ತರವಾಗಿತ್ತು. ಆ ಪ್ರಶ್ನೆಯನ್ನು ಮೊದಲು ಬರೆದವಳೂ ಅವಳೇ. ಆಗ ಎರಡನೆಯ ಬಿಂದು (5, 7) ಇತ್ತು. ಇಳಿಜಾರೂ ಎರಡು, ಮೊದಲ ಬಿಂದುವಿನಲ್ಲೂ ಎರಡು, ಮಕ್ಕಳು ಗಲಿಬಿಲಿಯಾದಾರು ಎನಿಸಿ, ಅಚ್ಚಿಗೆ ಕೊಡುವ ಮುಂಚೆ ಶಾಲೆಯ ಆಫೀಸಿನಲ್ಲಿ ನಿಂತುಕೊಂಡೇ ಏಳನ್ನು ಹೊಡೆದು ಹತ್ತು ಮಾಡಿದ್ದಳು. ಏಳು ಇದ್ದಾಗ ಆ ಹಾಳೆಯನ್ನು ನೋಡಿದ್ದವನು ಅವಳ ಗಂಡ ಒಬ್ಬನೇ.

ಗಂಡನೂ ಗಣಿತದವನೇ. ಮನೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಿದ್ದ. ಅವಳು ಪ್ರಶ್ನೆಪತ್ರಿಕೆ ತೆಗೆದಾಗಲೆಲ್ಲ ಅವನು ಕನ್ನಡಕ ಏರಿಸಿಕೊಂಡು ಅಡುಗೆಮನೆಯ ಮೇಜಿಗೆ ಬಂದು ಕೂರುತ್ತಿದ್ದ. ಒಂದೊಂದೇ ಲೆಕ್ಕ ಬಿಡಿಸಿ, ತಪ್ಪಿದ್ದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದ. ಅವಳು ಟೀ ಮಾಡುತ್ತಿದ್ದಳು. ಬೇರೆ ದಂಪತಿ ಸಿನಿಮಾಕ್ಕೆ ಹೋಗುವ ಹಾಗೆ ಇವರದು ಇದು. ಹಾಳೆ ಆ ಮೇಜಿನಿಂದಾಚೆಗೆ ಹೋಗಬಾರದೆಂದು ಮೊದಲ ಸಲವೇ ಮಾತಾಗಿತ್ತು.

ಪತ್ರಿಕೆಗಳ ಮೇಲಿನ ಹೆಸರು ನೋಡಿದಳು. ಎಲ್ಲರೂ ಸಂಜೆ ಅವಳ ಮನೆ ಬಾಗಿಲಲ್ಲೇ ಚಪ್ಪಲಿ ಬಿಡುವವರು.

ಬಿಂದು ಒಂದೇ ಇದ್ದರೆ ಅದರ ಮೂಲಕ ಎಷ್ಟು ಗೆರೆ ಬೇಕಾದರೂ ಎಳೆಯಬಹುದು. ಅವಳು ಎಳೆದೇ ಎಳೆದಳು. ಬ್ಯಾಗನ್ನು ಸ್ಟಾಫ್ ರೂಮಿನಲ್ಲಿ ಬಿಟ್ಟಿದ್ದೆನೇನೋ, ಯಾವನೋ ತರಲೆ ಇಣುಕಿರಬಹುದು. ಗಂಡ ಹಾಳೆಯನ್ನು ಮೇಜಿನ ಮೇಲೆ ಮರೆತು ಎದ್ದಾಗ ನೀರು ಕುಡಿಯಲು ಒಳಗೆ ಬಂದ ಟ್ಯೂಷನ್ ಹುಡುಗಿ ನೋಡಿರಬಹುದು. ಗೆರೆ ಗಂಡನ ಕಡೆಗೆ ಮಾತ್ರ ಹೋಗದಿರಲಿ ಎಂದು ಲೋಕದವರ ಮೇಲೆಲ್ಲ ಅನುಮಾನ ಪಟ್ಟಳು.

ಊಟಕ್ಕೆ ಕೂತಾಗ, ಪಾತ್ರೆಯ ಮುಚ್ಚಳ ತೆಗೆಯುತ್ತಾ, ಸರಳರೇಖೆಯ ಲೆಕ್ಕ ಈ ಸಲ ಬಹಳ ಮಕ್ಕಳಿಗೆ ಕೈಕೊಟ್ಟಿದೆ ಎಂದು ಸುಮ್ಮನೆ ಹೇಳಿದಳು.

"ಅದ್ಹೇಗೆ ತಪ್ಪುತ್ತೆ?" ಗಂಡನ ತುತ್ತು ಅರ್ಧಕ್ಕೇ ನಿಂತಿತು. "ಏಳರಲ್ಲಿ ಒಂದು ಹೋದ್ರೆ ಆರು, ಆರು ಬೈ ಮೂರು ಎರಡು. ಎಷ್ಟು ಸಲ ಬರೆಸಿದ್ದೀನಿ ನಾನು, ನಿದ್ದೇಲಿ ಎಬ್ಬಿಸಿ ಕೇಳಿದ್ರೂ..."

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ.

"ಏಳಲ್ಲ, ಹತ್ತು," ಎಂದಳು. "ಕೊನೇಲಿ ಬದಲಾಯಿಸಿದೆ."

ಆಮೇಲೆ ಅವನು ಬಹಳ ಮಾತಾಡಿದ. ಹಿಂದಿನ ಬೀದಿಯಲ್ಲಿ ಹೊಸ ಟ್ಯೂಷನ್ ಶುರುವಾಗಿದೆ, ಮಕ್ಕಳು ಒಬ್ಬೊಬ್ಬರೇ ಅತ್ತ ಜಾರುತ್ತಿದ್ದಾರೆ, ಪ್ರಶ್ನೆಪತ್ರಿಕೆ ಅಂತೇನೂ ಹೇಳದೆ ಅಭ್ಯಾಸಕ್ಕೆಂದು ಕೊಟ್ಟದ್ದು, ಇದರಿಂದ ಯಾರ ಗಂಟೂ ಮುಳುಗಿಲ್ಲ. ಅವಳು ಕೇಳುತ್ತಲೇ ಇದ್ದಳು. ಎಲ್ಲೋ ಒಂದು ಕಡೆ 'ತಪ್ಪಾಯ್ತು' ಅಂದಾನು ಎಂದು ಕಾಯುತ್ತಿದ್ದಳು. ಅವನು ಅಂದದ್ದು ಬೇರೆ.

"ಬದಲಾಯಿಸಿದೀನಿ ಅಂತ ನನಗೊಂದು ಮಾತು ಹೇಳಬಾರದಿತ್ತಾ? ಈಗ ಆ ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನೇನು ಹೇಳಲಿ?"

ಅವಳಿಗೆ ಅಳು ಬರಲಿಲ್ಲ, ಮೈ ಉರಿಯಿತು. ಮೋಸ ಮಾಡಿದವನೇ ಮೋಸ ಹೋದವನ ಹಾಗೆ ಮುಖ ಊದಿಸಿಕೊಂಡು ಕೂತಿದ್ದ.

"ಇದೊಂದೇ ಸಲಾನಾ?" ಎಂದು ಕೇಳಿದಳು.

ಗಂಡ ತಟ್ಟೆ ನೋಡಿದ.

ಎರಡು ಬಿಂದು ಸಿಕ್ಕ ಮೇಲೆ ಗೆರೆ ಅವುಗಳ ನಡುವೆಯೇ ನಿಲ್ಲುವುದಿಲ್ಲ, ಎರಡೂ ಕಡೆಗೆ ಹೋಗುತ್ತಲೇ ಇರುತ್ತದೆ. ಅದನ್ನು ಮಕ್ಕಳಿಗೆ ಗಂಟಲು ಹರಿದುಕೊಂಡು ಹೇಳಿಕೊಟ್ಟವಳು ಅವಳೇ. ಆ ಗೆರೆ ಈಗ ಹಿಂದಕ್ಕೆ ಹೋಯಿತು. ಹೋದ ವರ್ಷ ಅವಳ ತರಗತಿಗೆ ಬಂದ ಫಲಿತಾಂಶ, ಹೆಡ್‌ಮಾಸ್ಟರ್ ಎಲ್ಲರೆದುರು ಹೊಗಳಿದ್ದು, ಮನೆಗೆ ಬಂದು ಅದನ್ನು ಹೇಳಿದಾಗ ಇವನು ನಕ್ಕದ್ದು. ಮೇಜು, ಪೆನ್ಸಿಲ್ಲು, ಟೀ, ಎಲ್ಲವೂ ಆ ಗೆರೆಯ ಮೇಲೆಯೇ ಇದ್ದವು.

ಮರುದಿನ ಅವಳು ಹೆಡ್‌ಮಾಸ್ಟರ್ ಎದುರು ನಿಂತು, ಪ್ರಶ್ನೆಗಳು ಹೊರಬಿದ್ದದ್ದು ತನ್ನ ಮನೆಯಿಂದಲೇ ಎಂದಳು. ಅವರು, ಪರೀಕ್ಷೆ ಮತ್ತೆ ನಡೆಯಲಿ, ಹೊಸ ಪತ್ರಿಕೆ ನೀವೇ ತೆಗೆಯಿರಿ, ಆಮೇಲಿನದು ಆಮೇಲೆ ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕೊನೆಯ ಪ್ರಶ್ನೆ ಬರೆದು ಪೆನ್ನಿನ ಮುಚ್ಚಳ ಹಾಕಿದಳು. ಆ ಟಕ್ ಸದ್ದಿಗೆ ಗಂಡ ಮುಂದಿನ ಕೋಣೆಯಿಂದ ಎದ್ದು ಬಂದ. ಅಭ್ಯಾಸ ನೋಡಿ, ಕನ್ನಡಕ ಏರಿಸಿಕೊಂಡು ಕೈ ಚಾಚಿದ. ಚಾಚಿದ ಮೇಲೆ ಅವನಿಗೂ ನೆನಪಾಗಿರಬೇಕು, ಆದರೆ ಕೈ ಹಿಂದಕ್ಕೆ ಹೋಗಲಿಲ್ಲ.

ಅವಳು ಹಾಳೆಯನ್ನು ಬೋರಲು ಹಾಕಿದಳು.

"ನಾನೇ ನೋಡ್ಕೋತೀನಿ."

ಅವನು ಕನ್ನಡಕ ಇಳಿಸಿ ಮುಂದಿನ ಕೋಣೆಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಅವಳು ಹಾಳೆ ತಿರುಗಿಸಿ, ಡ್ರಾಯರಿನಿಂದ ಅವನ ಪೆನ್ಸಿಲ್ ತೆಗೆದು, ಮೊದಲ ಲೆಕ್ಕದಿಂದ ತಾಳೆ ನೋಡತೊಡಗಿದಳು.