ಒಂದೇ ಕೊಳವೆಯ ಚೀಲ

ಎರಡು ಚೀಲ ತಗೊಳ್ಳೋಣ ಎಂದವನು ಸಾದಿಕ್. ಒಂದೇ ಸಾಕು ಎಂದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಡೆದದ್ದಕ್ಕೆ ಬೇರೆಯವರ ತಲೆಯ ಮೇಲೆ ಗೂಬೆ ಕೂರಿಸಿದೆ ಎಂದು ಯಾರೂ ಅನ್ನಬಾರದು.

ನಾನು ಮುಳಬಾಗಿಲಿನಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಸಾದಿಕ್‌ನದು ನಂಗಲಿ ಕಡೆಗೆ ಹೋಗುವ ರಸ್ತೆಯಲ್ಲಿ ಸೈಕಲ್ ಶಾಪು, ಅವನ ತಂದೆ ನಬೀ ಸಾಬರು ಶುರು ಮಾಡಿದ್ದು. ಐದನೇ ಕ್ಲಾಸಿನಲ್ಲಿ ನಮ್ಮಿಬ್ಬರನ್ನೂ ಗಲಾಟೆ ಮಾಡುವವರೆಂದು ಒಂದೇ ಬೆಂಚಿಗೆ ಹಾಕಿದ್ದರು. ಊರೆಲ್ಲ ನನ್ನನ್ನು ‘ಮೇಷ್ಟ್ರೇ’ ಎನ್ನುತ್ತದೆ, ನನಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಹೆಂಡತಿ ಹರಿಪ್ರಿಯಾ ‘ರೀ’ ಎನ್ನುತ್ತಾಳೆ. ಬೀದಿಯ ಆ ತುದಿಯಿಂದ ‘ಲೇ ಮುಕುಂದ’ ಎಂದು ಕೂಗುತ್ತಿದ್ದವನು ಸಾದಿಕ್ ಒಬ್ಬನೇ. ವಿದ್ಯಾರ್ಥಿಗಳ ಎದುರಿಗೇ ಕೂಗುತ್ತಿದ್ದ. ನಾನು ಸಿಡುಕುತ್ತಿದ್ದೆ. ಒಳಗೊಳಗೆ ಖುಷಿಯಾಗುತ್ತಿತ್ತು.

ಮೂವತ್ತೈದು ದಾಟಿದ ಮೇಲೆ ನಮಗೆ ಬೆಟ್ಟದ ಹುಚ್ಚು ಹಿಡಿಯಿತು. ಗುಜರಿಯಿಂದ ತಂದ ಬಿಡಿ ಭಾಗಗಳನ್ನು ಸೇರಿಸಿ ಸಾದಿಕ್ ಎರಡು ಗೇರ್ ಸೈಕಲ್ ಕಟ್ಟಿದ. ಭಾನುವಾರ ಬೆಳಗಾದರೆ ಆವಣಿ, ಕುರುಡುಮಲೆ, ಶ್ರೀನಿವಾಸಪುರದ ಮಾವಿನ ತೋಟಗಳ ನಡುವಿನ ಮಣ್ಣುದಾರಿ. ಬೆಟ್ಟದ ಬುಡದಲ್ಲಿ ಸೈಕಲ್ ಬಿಟ್ಟು ಹತ್ತುವುದು, ಮಧ್ಯಾಹ್ನದ ಹೊತ್ತಿಗೆ ಇಳಿಯುವುದು. ‘ಮೇಷ್ಟ್ರಿಗೆ ಮೈಯಲ್ಲಿ ಕೊಬ್ಬು’ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ.

ತೊಂದರೆಯಿದ್ದದ್ದು ನೀರಿನದು. ಸೈಕಲ್ಲಿಗೆ ಸಿಕ್ಕಿಸಿದ ಬಾಟಲಿ ಕಲ್ಲುದಾರಿಯಲ್ಲಿ ಹಾರಿ ಬೀಳುತ್ತಿತ್ತು. ಬಂಡೆ ಹತ್ತುವಾಗ ಒಂದು ಕೈ ಬಾಟಲಿಗೇ ಮೀಸಲು. ಒಂದು ಸಲ ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಬೆಂಗಳೂರಿನ ನಾಲ್ಕು ಜನ ಸಿಕ್ಕಿದರು. ಬೆನ್ನಿಗೆ ಚೀಲ, ಚೀಲದೊಳಗೆ ನೀರು, ಭುಜದ ಮೇಲಿಂದ ಬಾಯಿಯವರೆಗೆ ಬರುವ ಸಣ್ಣ ಕೊಳವೆ. ನಿಲ್ಲದೆ, ಕೈ ಹಚ್ಚದೆ ನೀರು ಕುಡಿಯುತ್ತ ಹೋದರು. ಸಾದಿಕ್ ಅವರನ್ನು ನಿಲ್ಲಿಸಿ ಆ ಕೊಳವೆಯ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕಚ್ಚಿದರೆ ನೀರು ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. “ಟ್ಯೂಬಿನ ವಾಲ್ವಿಗಿಂತ ಚೆನ್ನಾಗಿದೆ ಕಣೋ” ಎಂದ. ಒಂದು ವಾರ ಅದೇ ಜಪ.

ಎರಡು ಸಾವಿರದ ಐದನೇ ಇಸವಿ, ಯುಗಾದಿಯ ಹಿಂದಿನ ವಾರ, ಇಬ್ಬರೂ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆವು. ಬೆಟ್ಟ ಹತ್ತುವವರ ಸಾಮಾನು ಮಾರುವ ಒಂದು ಅಂಗಡಿಯನ್ನು ಹೊಕ್ಕೆವು. ಅಂಗಡಿಯವರು ಮೂರು ಬಗೆ ತೋರಿಸಿದರು. ಒಂದೂವರೆ ಲೀಟರಿನದು ಬೆನ್ನಿಗೆ ಹೆಂಚಿನ ಹಾಗೆ ಚಪ್ಪಟೆಯಾಗಿ ಅಂಟುತ್ತದೆ, ಸೈಕಲ್ಲಿಗೆ ಚೆನ್ನ, ಆದರೆ ಬುತ್ತಿಗೆ ಜಾಗವಿಲ್ಲ. ಎರಡು ಲೀಟರಿನದಕ್ಕೆ ಸೊಂಟದ ಪಟ್ಟಿಯಿಲ್ಲ, ಇಳಿಜಾರಿನಲ್ಲಿ ಕುಲುಕುತ್ತದೆ. ಮೂರು ಲೀಟರಿನದಕ್ಕೆ ಪಂಪಿಗೆ, ಪಂಕ್ಚರ್ ಸಾಮಾನಿಗೆ, ಊಟದ ಡಬ್ಬಿಗೆ ಬೇರೆ ಬೇರೆ ಜೇಬು, ಎದೆಗೂ ಸೊಂಟಕ್ಕೂ ಪಟ್ಟಿ, ಬೆನ್ನಿಗೆ ಗಾಳಿಯಾಡುವ ಜಾಲರಿ. ಸಾದಿಕ್ ಹೊಲಿಗೆ ಎಳೆದು ನೋಡಿದ. ಒಳಚೀಲಕ್ಕೆ ನೀರು ತುಂಬಿಸಿ ತಲೆಕೆಳಗೆ ಹಿಡಿದು ಹಿಂಡಿದ. ಅದರ ಬಾಯಿಯೊಳಗೆ ಮುಂಗೈ ತೂರಿಸಿ, “ತೊಳೆಯೋಕೆ ಆಗುತ್ತೆ” ಎಂದ.

ಅಂಗಡಿಯವರು ಹೇಳಿದರು: “ಇಬ್ಬರಿಗೆ ಅಂದ್ರೆ ಎರಡು ಸಣ್ಣದು ತಗೊಳ್ಳಿ ಸಾರ್. ಅವರವರ ಪೈಪು ಅವರವರಿಗೆ.”

“ನಮ್ಮಿಬ್ಬರ ಮಧ್ಯೆ ಅಂಥದ್ದೆಲ್ಲ ಇಲ್ಲ ಕಣ್ರೀ” ಎಂದೆ.

ಸಾದಿಕ್ ನನ್ನ ಮುಖ ನೋಡಿದ. “ಲೇ, ಇದು ಬಾಯಲ್ಲಿ ಇಟ್ಕೊಂಡು ಚೀಪೋದು. ಚೊಂಬಲ್ಲ ಎತ್ತಿ ಕುಡಿಯೋಕೆ. ಎರಡು ತಗೊಳ್ಳೋಣ.”

“ಗೊತ್ತು ಬಿಡೋ. ನೀನೇನು ಹೊಸಬನಾ ನಂಗೆ?”

ನಾನು ಜಂಬದವನು. ಆ ಅಂಗಡಿಯವರ ಎದುರಿಗೆ ನನ್ನ ದೊಡ್ಡತನ ನನಗೇ ಬಹಳ ಚೆಂದ ಕಂಡಿತು. ಮೂರು ಲೀಟರಿನದು ಒಂದನ್ನೇ ಕೊಂಡೆವು. ವಾಪಸು ಬರುವಾಗ ಬಸ್ಸಿನಲ್ಲಿ ಸಾದಿಕ್ ಆ ಚೀಲವನ್ನು ಮೇಲೆ ಇಡಲು ಬಿಡದೆ ಮುಳಬಾಗಿಲಿನವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಬಂದ. ಅವನಿಗೆ ಸಂತೋಷವಾಗಿತ್ತು.

ನಮ್ಮೂರಿನಲ್ಲಿ ಎಲ್ಲರೂ ಎತ್ತಿ ಕುಡಿಯುವವರೇ. ಲೋಟವಿರಲಿ, ಬಾಟಲಿಯಿರಲಿ, ತುಟಿಗೆ ತಾಗಿಸದೆ ಮೇಲಿಂದ ಬಾಯಿಗೆ ಸುರಿದುಕೊಳ್ಳುವುದು. ಮೂವತ್ತು ವರ್ಷ ನಾನೂ ಸಾದಿಕ್‌ನೂ ಒಂದೇ ಬಾಟಲಿಯ ನೀರನ್ನು ಹಾಗೆ ಕುಡಿದೆವು. ಆದ್ದರಿಂದ ನನ್ನೊಳಗೆ ಏನಿದೆ ಎಂದು ತಿಳಿಯುವ ಸಂದರ್ಭವೇ ಬಂದಿರಲಿಲ್ಲ, ಅವನಿಗಾಗಲಿ, ನನಗಾಗಲಿ.

ಹೊಸ ಚೀಲದ ನೀರು ರಬ್ಬರಿನ ವಾಸನೆ ಹೊಡೆಯುತ್ತಿತ್ತು. ನಿಂಬೆಹಣ್ಣು, ಅಡುಗೆ ಸೋಡ ಹಾಕಿ ತೊಳೆದು ಹಿತ್ತಲ ತಂತಿಗೆ ನೇತುಹಾಕಿದೆ. ನನ್ನ ಅಮ್ಮ ಅಂಬಾಬಾಯಿ ಅದನ್ನು ದೂರದಿಂದಲೇ ನೋಡಿದಳು. “ಏನೋ ಇದು, ಆಸ್ಪತ್ರೇಲಿ ಗ್ಲೂಕೋಸ್ ಹಾಕೋ ಹಾಗಿದೆ. ಇಬ್ಬರೂ ಇದನ್ನೇ ಬಾಯಿಗೆ ಇಟ್ಕೋತೀರಾ?”

“ಇಲ್ಲಮ್ಮ, ನಾನೊಬ್ನೇ” ಎಂದೆ. ಅಮ್ಮನ ಸಮಾಧಾನಕ್ಕೆ ಆಡಿದ ಸುಳ್ಳು ಎಂದುಕೊಂಡೆ.

ಆ ಭಾನುವಾರ ಅಂತರಗಂಗೆಗೆ ಹೋದೆವು. ಬುಡದಲ್ಲಿ ಸೌತೆಕಾಯಿ ಮಾರುವ ಕದಿರಮ್ಮನ ಹತ್ತಿರ ಸೈಕಲ್ ಬಿಟ್ಟು, ಬೆಟ್ಟದ ಮೇಲಿನ ತೇರಹಳ್ಳಿಯ ಕಡೆಗೆ ಬಂಡೆಗಳ ನಡುವೆ ಹತ್ತತೊಡಗಿದೆವು. ಚೀಲ ನನ್ನ ಬೆನ್ನಿಗಿತ್ತು. ನಾನು ಎರಡು ಮೂರು ಸಲ ಕುಡಿದಿದ್ದೆ. ಎಂಟು ಗಂಟೆಗೇ ಬಿಸಿಲು ಚುರುಕಾಗಿತ್ತು. ಅರ್ಧ ದಾರಿಯಲ್ಲಿ ಸಾದಿಕ್, “ಲೇ, ಕೊಡೋ ಈಕಡೆ” ಎಂದ. ಕೊಳವೆ ಗಿಡ್ಡ, ಚೀಲ ಬಿಚ್ಚದೆ ದೂರ ಬರುವುದಿಲ್ಲ. ಅವನು ನನ್ನ ಭುಜದ ಹತ್ತಿರ ಬಗ್ಗಿ, ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ ಕಣ್ಣು ಮುಚ್ಚಿಕೊಂಡು ಕುಡಿದ. ಅವನ ಗಡ್ಡ ನನ್ನ ಅಂಗಿಗೆ ತಾಗುತ್ತಿತ್ತು. “ವಾಹ್, ಜೀವ ಬಂತು” ಎಂದು ಕೊಳವೆಯನ್ನು ನನ್ನ ಕೈಗೆ ಕೊಟ್ಟ.

ನನಗೂ ಬಾಯಾರಿತ್ತು. ಕೋಲಾರ ಊರು ಕಾಣುತ್ತದೇನೋ ನೋಡುವವನಂತೆ ಪೂರ್ವಕ್ಕೆ ತಿರುಗಿದೆ. ಜೇಬಿನಿಂದ ಕರವಸ್ತ್ರ ತೆಗೆದು ಕೊಳವೆಯ ತುದಿಯನ್ನು ಒರೆಸಿದೆ. ಒಂದು ಸಲ ಅಲ್ಲ, ಎರಡು ಸಲ. ಆಮೇಲೆ ಕುಡಿದೆ.

ಒರೆಸಬೇಕು ಎಂದು ನಾನು ಯೋಚಿಸಲಿಲ್ಲ. ಕೈ ತಾನಾಗಿ ಮಾಡಿತು. ಆದರೆ ಬೆನ್ನು ತಿರುಗಿಸಬೇಕು ಎಂದು ಯೋಚಿಸಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ ಹೇಳಿ ತಪ್ಪಿಸಿಕೊಳ್ಳಲೂ ನನಗೆ ಆಗುವುದಿಲ್ಲ. ಬೆನ್ನು ತಿರುಗಿಸಿದ್ದು ಹುಟ್ಟುಗುಣವಲ್ಲ, ನನ್ನ ಸ್ವಂತ ಬುದ್ಧಿ.

ತಿರುಗಿ ನೋಡಿದಾಗ ಸಾದಿಕ್ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ನೋಡಿಲ್ಲ ಎಂದುಕೊಂಡೆ. ಮೇಲೆ ಹೋದೆವು, ಬುತ್ತಿ ತಿಂದೆವು, ಇಳಿದೆವು. ಅವನು ಮತ್ತೆ ನೀರು ಕೇಳಲಿಲ್ಲ. ನಾನೇ ಕೊಡಹೋದರೆ ತಲೆಯಾಡಿಸಿದ. ಬುಡಕ್ಕೆ ಬಂದು ಕದಿರಮ್ಮನ ಹತ್ತಿರ ಸೌತೆಕಾಯಿ ತಿಂದ. ಬಳಿಕ ಸೈಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ತಲೆ ಎತ್ತದೆ ಹೇಳಿದ: “ನೀವು ಮುಂದೆ ನಡೀರಿ ಮೇಷ್ಟ್ರೇ. ಚೈನ್ ನೋಡ್ಕೊಂಡು ಬರ್ತೀನಿ.”

ತಮಾಷೆ ಎಂದು ನಕ್ಕೆ. ಅವನು ನಗಲಿಲ್ಲ.

ಮುಂದಿನ ಭಾನುವಾರ ಅಂಗಡಿಯಲ್ಲಿ ಕೆಲಸವಿತ್ತು. ಅದರ ಮುಂದಿನ ವಾರ ಮಂಡಿನೋವು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಅಂಗಡಿಗೆ ಹೋದರೆ ಎದ್ದು ನಿಲ್ಲುತ್ತಿದ್ದ, ಸ್ಟೂಲನ್ನು ಬಟ್ಟೆಯಿಂದ ಒರೆಸಿ, “ಕೂತ್ಕೊಳ್ಳಿ ಮೇಷ್ಟ್ರೇ” ಎನ್ನುತ್ತಿದ್ದ. ಅದೇ ಸ್ಟೂಲಿನ ಮೇಲೆ ಎಣ್ಣೆ ಗ್ರೀಸು ಲೆಕ್ಕಿಸದೆ ನಾನು ಮೂವತ್ತು ವರ್ಷ ಕೂತಿದ್ದೆ. ಅವನು ಬೈಯಲಿಲ್ಲ, ಮುಖ ಗಂಟು ಹಾಕಲಿಲ್ಲ. ಊರಿನ ಬೇರೆ ಯಾರೇ ಹೋದರೂ ಹೇಗೆ ಮಾತಾಡಿಸುತ್ತಿದ್ದನೋ ಹಾಗೆ ಮಾತಾಡಿಸಿದ, ಅಷ್ಟೇ. ಜಗಳವಾಡಿದರೆ ರಾಜಿಯಾಗಬಹುದು. ಮರ್ಯಾದೆ ಕೊಡುವವನ ಹತ್ತಿರ ಏನೆಂದು ರಾಜಿ ಕೇಳುವುದು?

ಹರಿಪ್ರಿಯಾಗೆ ಹೇಳಿದೆ. ಅವಳು, “ಹೋಗಿ ತಪ್ಪಾಯ್ತು ಅನ್ನಿ. ಅದಕ್ಕಿಂತ ಬೇರೆ ದಾರಿ ಇಲ್ಲ” ಎಂದಳು.

“ಅವನು ನೋಡಿಲ್ಲದೆ ಇದ್ರೆ? ನಾನೇ ಹೋಗಿ ಹೇಳಿದ ಹಾಗಾಗಲ್ವಾ?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ” ಎಂದು ಎದ್ದು ಹೋದಳು.

ಅವಳು ಹೇಳಿದ್ದು ಸರಿ. ಆದರೂ ಹೋಗಲಿಲ್ಲ. ಪ್ರತಿ ವಾರ ಈ ವಾರ ಎಂದುಕೊಂಡೆ. ನಾಲ್ಕು ವರ್ಷ ಹಾಗೇ ಕಳೆಯಿತು.

ಎರಡು ಸಾವಿರದ ಒಂಬತ್ತರಲ್ಲಿ ಅವನ ಮಗಳು ಅರ್ಷಿಯಾಳ ಮದುವೆ. ಕಾರ್ಡು ಕೊಡಲು ಸಾದಿಕ್ ತನ್ನ ಹೆಂಡತಿ ಹಜೀರಾಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ. “ಎಲ್ಲರೂ ಬರಬೇಕು ಮೇಷ್ಟ್ರೇ” ಎಂದು ಎರಡೂ ಕೈಯಲ್ಲಿ ಕಾರ್ಡು ಕೊಟ್ಟ. ಆವತ್ತು ಹೇಳಲು ಆಗಲಿಲ್ಲ. ಮದುವೆಗೆ ಹೋದಾಗ ಹೇಳಿಯೇ ತೀರುತ್ತೇನೆ ಎಂದು ನಿಶ್ಚಯ ಮಾಡಿಕೊಂಡೆ. ಮತ್ತೊಂದು ಸಲ ಅವನ ಬಾಯಲ್ಲಿ ‘ಲೇ’ ಅನ್ನಿಸಿಕೊಳ್ಳದೆ ನನಗೆ ಇರಲು ಆಗುತ್ತಿರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತು. ನಮ್ಮಂಥವರಿಗೆಂದು ಮಂಟಪದ ಹಿಂದೆ ಬೇರೆ ಶಾಮಿಯಾನ ಹಾಕಿಸಿದ್ದ. ಬಾಳೆಯೆಲೆ, ಎಲೆಯ ಪಕ್ಕ ಒಂದೊಂದು ಸೀಲ್ ಒಡೆಯದ ನೀರಿನ ಬಾಟಲಿ. ಸಾದಿಕ್ ಶೇರ್ವಾನಿ ತೊಟ್ಟು ಬೆವರುತ್ತ ಬಂದು, “ಅಡುಗೆ ನಿಮ್ಮೋರ ಕೈಯಲ್ಲೇ ಮಾಡ್ಸಿದ್ದೀನಿ. ಪಾತ್ರೆ ಎಲ್ಲ ಹೊಸದು ಮೇಷ್ಟ್ರೇ, ಸಂಕೋಚ ಬೇಡಿ” ಎಂದ. ನಾನು ಎಲೆ ಬಿಟ್ಟೆದ್ದು ಅವನ ಮೊಣಕೈ ಹಿಡಿದು ಶಾಮಿಯಾನದ ಹೊರಗೆ ಕರೆದುಕೊಂಡು ಹೋದೆ.

“ಆವತ್ತು ಬೆಟ್ಟದ ಮೇಲೆ ನಾನು ಮಾಡಿದ್ದು ತಪ್ಪು ಕಣೋ. ನೀನು ನೋಡಿದ್ಯೋ ಇಲ್ವೋ ನಂಗೆ ಗೊತ್ತಿಲ್ಲ.”

“ನೋಡಿದೆ” ಎಂದ. “ಬಿಸಿಲು ಎದುರಿಗಿತ್ತು. ನಿಮ್ಮ ನೆರಳು ನನ್ನ ಕಾಲ ಹತ್ರಾನೇ ಬಿದ್ದಿತ್ತು. ಮೊಣಕೈ ಆಡ್ತಿತ್ತು ನೆರಳಲ್ಲಿ.”

“ತಪ್ಪಾಯ್ತು ಕಣೋ ಸಾದಿಕ್.”

ಅವನು ಹಣೆಯ ಬೆವರು ಒರೆಸಿಕೊಂಡ. ಕೋಪವಿರಲಿಲ್ಲ, ದಣಿವಿತ್ತು. “ನಿಮ್ಮ ಮನೇಲಿ ನಂಗೆ ಅಂತ ಒಂದು ಲೋಟ ಇತ್ತಲ್ಲ. ಹಿತ್ತಲ ಗೂಡಲ್ಲಿ ಇಡ್ತಿದ್ರು. ಚಿಕ್ಕಂದಿನಿಂದ ಅದರಲ್ಲೇ ಕಾಫಿ ಕುಡಿದೆ. ಕುಡಿಯುವಾಗೆಲ್ಲ ಅಂದ್ಕೋತಿದ್ದೆ, ಹೋಗ್ಲಿ, ಅಮ್ಮ ಹಳೇ ಕಾಲದೋರು, ಮುಕುಂದ ಹಂಗಲ್ಲ ಅಂತ. ಎದುರಿಗೇ ಒರೆಸಿದ್ರೆ ಒಂದು ಏಟು ಹಾಕಿ ಮರ್ತುಬಿಡ್ತಿದ್ದೆ. ನೀವು ಕದ್ದು ಒರೆಸಿದ್ರಿ.”

ಆ ಲೋಟದ ಸುದ್ದಿ ನಾನು ನಿಮಗೆ ಇಷ್ಟು ಹೊತ್ತೂ ಹೇಳಿಲ್ಲ, ನೋಡಿ. ಮುಚ್ಚಿಡಬೇಕೆಂದು ಅಲ್ಲ. ಅದು ಹೇಳುವಂಥ ವಿಷಯ ಎಂದು ನನಗೆ ಯಾವತ್ತೂ ಅನ್ನಿಸಿರಲೇ ಇಲ್ಲ. ಅವನು ಬಂದಾಗಲೆಲ್ಲ ಆ ಲೋಟವನ್ನು ಗೂಡಿನಿಂದ ತೆಗೆದುಕೊಡುತ್ತಿದ್ದವನು ನಾನೇ.

ನನಗೆ ಅಳು ಬಂತು. ನಲವತ್ತಮೂರು ವರ್ಷದ ಗಂಡಸು, ಮದುವೆ ಮನೆಯ ಹಿಂದೆ, ಅಡುಗೆಯವರು ನೋಡುತ್ತಿದ್ದಾರೆ. “ಒಂದೇ ಒಂದ್ಸಲ ಲೇ ಅನ್ನೋ” ಎಂದೆ. “ಬೈಯೋ. ಏನಾದ್ರೂ ಅನ್ನು. ಈ ಮೇಷ್ಟ್ರೇ ಬೇಡ ಕಣೋ.”

ಸಾದಿಕ್ ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣೂ ತುಂಬಿತ್ತು. ಬಾಯಿ ತೆರೆದ. ತುಟಿ ಆಡಿತು, ನಾಲಗೆ ಮೇಲೆದ್ದದ್ದು ಕಂಡಿತು. ಅವನು ನಿಜವಾಗಿಯೂ ಪ್ರಯತ್ನ ಮಾಡಿದ, ಅದಕ್ಕೆ ನಾನೇ ಸಾಕ್ಷಿ.

“ಬರ್ತಾ ಇಲ್ಲ ಮೇಷ್ಟ್ರೇ” ಎಂದ.

ಒಳಗಿನಿಂದ ಯಾರೋ ಕರೆದರು. ಅವನು ಕೈ ಬಿಡಿಸಿಕೊಂಡು, ಊಟ ಮಾಡ್ಕೊಂಡೇ ಹೋಗಿ ಎಂದು ಮತ್ತೆ ಮತ್ತೆ ಹೇಳಿ, ಮಗಳ ಕಡೆಗೆ ಹೋದ. ನಾನು ಬಂದು ಎಲೆಯ ಮುಂದೆ ಕೂತೆ.